ನಾಲ್ಕನೆಯ ಹಾಸಿಗೆ

ಹಾಸಿಗೆ ಬಂದ ದಿನ ಅದು ಯಾರಿಗೆಂದು ಮನೆಯಲ್ಲಿ ಯಾರೂ ಬಾಯಿಬಿಡಲಿಲ್ಲ. ಮಂಚದ ಕಾಲಿಗೆ ತಿರುಪು ಬಿಗಿಯುತ್ತಿದ್ದ ಅಂಗಡಿಯ ಆಳು ಸುಮ್ಮನಿರಲಾರದೆ, ‘ಮೆತ್ತಗಾಯ್ತಾ, ಇನ್ನೂ ಗಟ್ಟಿ ಬೇಕಾ? ಮಲಗೋರು ಯಾರು?’ ಎಂದು ಕೇಳಿದ. ಶ್ರುತಿಗಾರ ಕಿಟಕಿಯ ಕಡೆ ತಿರುಗಿಕೊಂಡ. ಅವನ ಹೆಂಡತಿ, ‘ನಮ್ಮತ್ತೆ. ವಯಸ್ಸಾಗಿದೆ, ಗಟ್ಟಿನೇ ಇರಲಿ’ ಎಂದಳು.

ಅತ್ತೆ ತೀರಿಕೊಂಡು ಆಗಿನ್ನೂ ತಿಂಗಳು ತುಂಬಿರಲಿಲ್ಲ.

ಶ್ರುತಿಗಾರನದು ಪಿಯಾನೊಗಳನ್ನು ಬಿಚ್ಚಿ, ಒರೆಸಿ, ಶ್ರುತಿಗೆ ಕೂಡಿಸುವ ಕಸುಬು. ಪಿಯಾನೊದಲ್ಲಿ ಹೆಚ್ಚಿನ ಸ್ವರಗಳಿಗೆ ಮೂರು ಮೂರು ತಂತಿ. ಮೂರೂ ಒಂದೇ ಬಾಯಿಂದ ಬಂದಂತೆ ನುಡಿಯಬೇಕು. ಒಂದು ತಂತಿ ಕೂದಲೆಳೆಯಷ್ಟು ಸಡಿಲಾದರೂ ದನಿಗಳ ನಡುವೆ ಒಂದು ನಡುಕ ಹುಟ್ಟುತ್ತದೆ, ಚಳಿಗೆ ಸಿಕ್ಕಿದ ಮಗುವಿನ ತುಟಿಯ ಹಾಗೆ. ತಂತಿ ಬಿಗಿಯುವ ಕೀಲಿಯನ್ನು ಮೆಲ್ಲಗೆ ತಿರುಗಿಸುತ್ತ ಹೋದರೆ ಆ ನಡುಕ ಉದ್ದವಾಗಿ, ಸೋತು, ಕೊನೆಗೆ ಇಲ್ಲವಾಗುತ್ತದೆ. ‘ಮಲಗಿತು’ ಎನ್ನುವುದು ಅವರ ಮನೆಯ ಮಾತು. ಬೇರೆ ಶ್ರುತಿಗಾರರು ಒಂದು ಕೈಯಲ್ಲಿ ಕೀಲಿ ಹಿಡಿದು ಇನ್ನೊಂದರಲ್ಲಿ ಪಟ್ಟಿ ಒತ್ತುತ್ತಾರೆ. ಇವನದು ಹಾಗಲ್ಲ. ಪೆಟ್ಟಿಗೆಯೊಳಗೆ ತಲೆ ತೂರಿಸಿ ಎರಡು ಕೈಯನ್ನೂ ಕೀಲಿಗೆ ಕೊಟ್ಟು, ಬಿಳಿ ಕರಿ ಪಟ್ಟಿಗಳನ್ನು ಒತ್ತುವ ಕೆಲಸವನ್ನು ತಾಯಿಗೆ ಬಿಟ್ಟಿದ್ದ. ಅವನು ಒಳಗಿನಿಂದ ‘ಮುಂದೆ’ ಎನ್ನಬೇಕು, ಅವಳು ಹೊರಗೆ ಮುಂದಿನ ಪಟ್ಟಿ ಒತ್ತಬೇಕು. ಅವಳ ಒತ್ತಿಗೆ ಒಂದು ಗುರುತಿತ್ತು: ಎರಡು ಸಲ ಮೆಲ್ಲಗೆ, ಬಾಗಿಲಾಚೆ ಯಾರೋ ಮಲಗಿದ್ದಾರೆಂಬಂತೆ, ಆಮೇಲೆ ಒಂದು ಸಲ ದಿಟವಾಗಿ.

ತಾಯಿಗೆ ಸ್ವರಗಳ ಹೆಸರು ತಿಳಿಯದು. ಆದರೆ ಎಳವೆಯಿಂದ ಕೇಳಿ ಕೇಳಿ ಬಾಯಿಗೆ ಬಂದ ಪದ್ಯಗಳು ಅವಳೊಳಗೆ ರಾಶಿ ಬಿದ್ದಿದ್ದವು. ಮಗ ಒಂದು ತಂತಿಯ ಮೇಲೆ ಹೆಣಗುತ್ತಿದ್ದಾಗ ಅವಳು ಹೊರಗೆ ಕೂತು ಕಾಡಿಗೆ ಹೋದ ಅರಸರ ಕಥೆಯನ್ನು ಮೆಲುದನಿಯಲ್ಲಿ ಹೇಳಿಕೊಳ್ಳುವಳು. ಆರು ಸಾಲಿನ ಪದ್ಯ. ಆರನೆಯ ಸಾಲಿನ ತುದಿಯಲ್ಲಿ ದನಿಯನ್ನು ಎಳೆದು, ಇಳಿಸಿ, ನೆಲಕ್ಕೆ ಮುಟ್ಟಿಸಿ ಬಿಡುವಳು. ಶ್ರುತಿ ಎಂದರೇನೆಂದು ಅವನು ಕಲಿತದ್ದು ಯಾವ ಗುರುವಿನಿಂದಲೂ ಅಲ್ಲ, ಆ ಇಳಿತದಿಂದ. ‘ಏನೋ, ನಿನ್ನ ಪೆಟ್ಟಿಗೆಗೆ ಇಷ್ಟೊಂದು ಹಲ್ಲು ಕೊಟ್ಟ ದೇವರು ನನಗೆ ಒಂದೆರಡಾದ್ರೂ ಉಳಿಸಬಾರದಿತ್ತಾ?’ ಎಂದು ಬೊಚ್ಚುಬಾಯಲ್ಲಿ ನಗುವಳು. ಮೊಮ್ಮಗಳಿಗೆ ಗಡಿಬಿಡಿ ಎಂದು ಹೆಸರಿಟ್ಟವಳೂ ಅವಳೇ; ಹುಟ್ಟುವಾಗಲೂ ಅವಸರ ಮಾಡಿತ್ತಂತೆ ಆ ಹುಡುಗಿ.

ಹೊರದೇಶಕ್ಕೆ ಹೋಗುವ ಮಾತೆದ್ದಾಗ ತಾಯಿಯನ್ನು ಬಿಟ್ಟುಹೋಗುವ ಯೋಚನೆ ಯಾರ ತಲೆಗೂ ಬರಲಿಲ್ಲ. ಸ್ವಂತ ಕಸುಬಿನವರಿಗೆ ಕೊಡುವ ಪರವಾನಗಿ ಅದು. ಅಲ್ಲಿ ಹೋಗಿ ಯಾರ ಕೈಕೆಳಗೂ ಸಂಬಳಕ್ಕೆ ನಿಲ್ಲುವ ಹಾಗಿಲ್ಲ. ಕಸುಬು ನಡೆಯುತ್ತಿರಬೇಕು, ಕುಟುಂಬ ಒಂದೇ ಸೂರಿನಡಿ ಇರಬೇಕು, ತಲೆಗೊಂದು ಹಾಸಿಗೆ ಇರಬೇಕು. ಕಾಗದಪತ್ರ ನೋಡಿಕೊಂಡ ವೀಸಾ ಸಲಹೆಗಾರ ಯಾವುದಕ್ಕೂ ‘ಆಗೋಯ್ತು ಅಂದ್ಕೊಳ್ಳಿ’ ಎನ್ನುವವನು. ಮನೆಯಲ್ಲಿ ಅವನಿಗೆ ಆಗೋಯ್ತು ಎಂದೇ ಹೆಸರು. ‘ಅಮ್ಮನ್ನ ಸೇರಿಸೋದು ಕಷ್ಟ’ ಎಂದು ಮೂಗೆಳೆದವನು, ಶ್ರುತಿಗಾರ ಕಾಡಿ ಬೇಡಿದ ಮೇಲೆ ಅದನ್ನೂ ಆಗಿಸಿದ. ನಾಲ್ಕು ಜನಕ್ಕೆ ಪರವಾನಗಿ ಬಂತು. ತಾಯಿ ನಾಲ್ಕು ಪಾಸ್‌ಪೋರ್ಟನ್ನೂ ಒಂದರ ಮೇಲೊಂದು ಇಟ್ಟು, ತಲೆಗೂದಲಿಗೆ ಹಾಕುವ ರಬ್ಬರಿನಲ್ಲಿ ಬಿಗಿದು, ‘ಬಿಚ್ಚಬೇಡಿ, ಚೆಲ್ಲಾಪಿಲ್ಲಿ ಆಗ್ತೀವಿ’ ಎಂದಳು.

ಹೊರಡುವ ವಾರವೇ ಅವಳು ಹೋಗಿಬಿಟ್ಟಳು. ಕೂತಲ್ಲೇ, ಬೆಳಗಿನ ಹೊತ್ತಿನಲ್ಲಿ, ಪದ್ಯ ಹೇಳುತ್ತ ಹೇಳುತ್ತ. ಪೆಟ್ಟಿಗೆಯೊಳಗೆ ತಲೆ ತೂರಿಸಿದ್ದ ಮಗ, ಅಮ್ಮ ಯಾಕೋ ಐದನೆಯ ಸಾಲಿಗೆ ನಿಲ್ಲಿಸಿದಳಲ್ಲ ಎಂದುಕೊಂಡ. ಆಮೇಲೆ ‘ಮುಂದೆ’ ಎಂದ. ಇನ್ನೊಂದು ಸಲ ಎಂದ. ಆಮೇಲೆ ತಲೆ ಹೊರಗೆ ತೆಗೆದ.

ಆಗೋಯ್ತು ಫೋನಿನಲ್ಲಿ ದನಿ ತಗ್ಗಿಸಿದ. ‘ಛೆ ಛೆ. ಆಗಬಾರದಿತ್ತು. ಆದ್ರೆ ನೋಡಿ, ಈಗ ಹೇಳಿದ್ರೆ ಕುಟುಂಬ ಬದಲಾಯ್ತು ಅಂತ ಫೈಲು ಮೊದಲಿನಿಂದ ಶುರುವಾಗುತ್ತೆ. ಒಳಗೆ ಹೋಗೋ ಗಡುವು ದಾಟಿಹೋಗುತ್ತೆ. ಹೋಗ್ಬಿಡಿ. ಅಮ್ಮ ಬರಲಿಲ್ಲ ಅಂತ ಅಲ್ಲಿ ಸಾವಕಾಶವಾಗಿ ಹೇಳಿ. ಏನೂ ಆಗಲ್ಲ.’

ಅಂಗಡಿ ಮಾರಿಯಾಗಿತ್ತು, ಮನೆ ಬಿಟ್ಟಾಗಿತ್ತು. ತಾಯಿಯನ್ನು ಕಳಿಸಿಕೊಟ್ಟು ಬಂದ ಕಣ್ಣು ಒಣಗುವ ಮೊದಲೇ ಪೆಟ್ಟಿಗೆ ಕಟ್ಟಿದರು. ಅಳಲಿಕ್ಕೆ ಆಮೇಲೆ ಹೊತ್ತಿದೆ ಎಂದುಕೊಂಡರು.

ಗಡಿ ದಾಟಿದ್ದು ಬಸ್ಸಿನಲ್ಲಿ. ನಾಲ್ಕು ಸೀಟು ಮೊದಲೇ ಹಿಡಿದಿದ್ದರಿಂದ ತಾಯಿಯ ಸೀಟು ಖಾಲಿ ಉಳಿದಿತ್ತು. ಹೆಂಡತಿ ಅದರ ಮೇಲೆ ಒಂದು ಚೀಲ ಇಟ್ಟು, ಚೀಲದ ಮೇಲೆ ಅತ್ತೆಯ ಶಾಲು ಹೊದಿಸಿದ್ದಳು. ಗಾಜಿನ ಮೇಲೆಲ್ಲ ಮಂಜು. ಪೆಚ್ಚುಮೋರೆಯ ಗಡಿ ಅಧಿಕಾರಿಯೊಬ್ಬ ಹತ್ತಿ ಬಂದು ಕೈಚಾಚಿದ. ಶ್ರುತಿಗಾರ ಒಳಜೇಬಿನಿಂದ ಕಟ್ಟನ್ನು ತೆಗೆದು, ಬಿಚ್ಚದೆ, ಹಾಗೆಯೇ ಕೊಟ್ಟ. ತಪ್ಪು ನಡೆದದ್ದು ಅಲ್ಲಿ. ಮೂರನ್ನು ತೆಗೆದು ಕೊಡಬೇಕಿತ್ತು. ಅಮ್ಮ ಬಿಗಿದ ರಬ್ಬರನ್ನು ತೆಗೆಯಲು ಅವನ ಬೆರಳು ಏಳಲಿಲ್ಲ. ಅಧಿಕಾರಿ ಪುಟ ತಿರುವಿದ, ಗಂಡನನ್ನು ನೋಡಿದ, ಹೆಂಡತಿಯನ್ನು ನೋಡಿದ, ಹುಡುಗಿಯನ್ನು ನೋಡಿದ. ಆಮೇಲೆ ನಾಲ್ಕನೆಯ ಸೀಟಿನ ಕಡೆ ನೋಡಿ, ಮುಖ ಮೆತ್ತಗೆ ಮಾಡಿಕೊಂಡು, ತಲೆಬಾಗಿಸಿದ. ‘ಮಲಗಿರಲಿ ಬಿಡಿ, ಎಬ್ಬಿಸಬೇಡಿ’ ಎಂದ. ನಾಲ್ಕಕ್ಕೂ ಮುದ್ರೆ ಬಿತ್ತು.

ಬಸ್ಸು ಹೊರಟ ಮೇಲೆ ಹೆಂಡತಿ ಗಂಡನ ಮಂಡಿ ಹಿಸುಕಿದಳು. ‘ಅವನು ಯಾರನ್ನ ನೋಡಿದ್ದು?’

‘ಶಾಲು ನೋಡಿ ಮೋಸಹೋದ.’

‘ಶಾಲಿಗೆ ಯಾರಾದ್ರೂ ತಲೆಬಾಗಿಸ್ತಾರಾ?’

ಅವನು ಮುದ್ರೆ ಬಿದ್ದ ಕಟ್ಟನ್ನು ಒಳಜೇಬಿಗೆ ಸೇರಿಸಿದ. ತಾಯಿ ಆ ದೇಶದೊಳಕ್ಕೆ ಬಂದಾಗಿತ್ತು. ಬಂದವಳು ಎಲ್ಲಿ ಎಂದು ಯಾರಾದರೂ ಕೇಳಿದರೆ ಇನ್ನು ‘ಬರಲಿಲ್ಲ’ ಎನ್ನುವ ಹಾಗಿರಲಿಲ್ಲ.

ಹಾಗಾಗಿ ಹಾಸಿಗೆ.

ಬಾಡಿಗೆಗೆ ಸಿಕ್ಕಿದ್ದು ಓಣಿಯ ಮೂಲೆಯಲ್ಲಿದ್ದ ಕಟ್ಟಡದ ನೆಲ ಅಂತಸ್ತು. ಬೀದಿಗೆ ಗಾಜಿನ ಮುಖವಿದ್ದ ಮುಂದಿನ ಕೋಣೆ ಕೆಲಸಕ್ಕೆ. ಹಿಂದೆ ಅಡಿಗೆಮನೆ, ಎರಡು ಮಲಗುವ ಕೋಣೆ, ಹಜಾರದ ತುದಿಗೆ ಇನ್ನೊಂದು ಸಣ್ಣ ಕೋಣೆ. ಆ ಸಣ್ಣ ಕೋಣೆಯಲ್ಲಿ ಹಾಸಿಗೆ ಹಾಕಿದರು. ಹಳೆಯ ಬಾಡಿಗೆದಾರ ಬಿಟ್ಟುಹೋಗಿದ್ದ ಒಂದು ಗಿಡ್ಡ ಪಿಯಾನೊ ಕೂಡ ಅಲ್ಲೇ ಗೋಡೆಗೆ ಒರಗಿತ್ತು. ಬಾಗಿಲಿಗಿಂತ ಅಗಲವಾದ ಅದನ್ನು ಒಳಗೆ ಹೇಗೆ ತಂದಿದ್ದರೋ, ಹೊರಗೆ ಒಯ್ಯುವ ಬಗೆ ಯಾರಿಗೂ ಹೊಳೆಯಲಿಲ್ಲ.

ಕೆಲಸ ಚೆನ್ನಾಗಿಯೇ ಕುದುರಿತು. ಶಾಲೆಯವರು ಕರೆದರು, ಕುಣಿತ ಕಲಿಸುವವರು ಕರೆದರು, ದೊಡ್ಡ ಮನೆಗಳ ವಿಧವೆಯರು ಕರೆದರು. ಆ ಊರಿನ ಭಾಷೆ ಅವನ ನಾಲಿಗೆಗೆ ಇನ್ನೂ ಒಗ್ಗಿರಲಿಲ್ಲ. ಕಿವಿಯ ಕೆಲಸಕ್ಕೆ ನಾಲಿಗೆ ಬೇಕಿರಲಿಲ್ಲ. ಅವಲಂಬಿತರು ದುಡಿಯುವ ಹಾಗಿಲ್ಲವಾದ್ದರಿಂದ ಹೆಂಡತಿ ಅವನ ಜೊತೆ ಹೋಗಿ ಒಂದು ಪಟ್ಟಿಯನ್ನೂ ಒತ್ತುವ ಹಾಗಿರಲಿಲ್ಲ. ಅವನು ಬೇರೆಯವರಂತೆ ಒಂದು ಕೈಯ ಕೆಲಸ ಕಲಿತುಕೊಂಡ.

ಒಂದು ದಿನ ನಡುಹಗಲು. ಮಗಳು ಶಾಲೆಗೆ ಹೋಗಿದ್ದಳು, ಹೆಂಡತಿ ಬಟ್ಟೆ ಒಣಗಿಸಲು ಹಿತ್ತಲಿಗೆ. ಶ್ರುತಿಗಾರ ಆ ಗಿಡ್ಡ ಪಿಯಾನೊವನ್ನು ಬಿಚ್ಚಿ ಕೂತಿದ್ದ. ಇಲ್ಲೇ ಕೊಳೆಯುವುದಾದರೆ ದನಿಯಾದರೂ ನೆಟ್ಟಗಿರಲಿ ಎಂದು. ಬಿಸಿಲು ಹಾಸಿಗೆಯ ಮೇಲೆ ಚೌಕಾಕಾರವಾಗಿ ಬಿದ್ದಿತ್ತು. ಕೆಲಸದ ಗುಂಗಿನಲ್ಲಿ ತಲೆ ಒಳಗೆ ಹೋಯಿತು, ಎರಡು ಕೈಯೂ ಕೀಲಿಗೆ ಹೋದವು, ಬಾಯಿ ಹಳೆಯ ರೂಢಿಯಲ್ಲಿ ‘ಮುಂದೆ’ ಎಂದಿತು.

ಎರಡು ಸಲ ಮೆಲ್ಲಗೆ. ಒಂದು ಸಲ ದಿಟವಾಗಿ.

ತಂತಿಗಳು ಅವನ ಕಣ್ಣೆದುರಿಗೇ ನಡುಗುತ್ತಿದ್ದವು. ತಂತಿಗೆ ಬಡಿಯುವ ಉಣ್ಣೆಯ ಪುಟ್ಟ ಸುತ್ತಿಗೆ ಆಗಷ್ಟೇ ಹಿಂದಕ್ಕೆ ಬಿದ್ದಿತ್ತು. ತಲೆ ಹೊರಗೆ ತೆಗೆಯಲು ಧೈರ್ಯ ಸಾಲಲಿಲ್ಲ. ತೆಗೆದು, ಅಲ್ಲಿ ಯಾರೂ ಇಲ್ಲದಿದ್ದರೆ? ಇದ್ದರೆ? ದೇವರ ಹೆಸರನ್ನು ಮನಸ್ಸಿನಲ್ಲೇ ಹೇಳಿಕೊಂಡು ಹೊರಗೆ ಬಂದ. ಬಿಸಿಲಿನ ಚೌಕ ಹಾಗೇ ಇತ್ತು. ಹಾಸಿಗೆಯ ಅಂಚು ಮಾತ್ರ, ಪಿಯಾನೊದ ಕಡೆಯ ಅಂಚು, ಯಾರೋ ಕೂತು ಎದ್ದ ಹಾಗೆ ತಗ್ಗಿತ್ತು.

ಹೆಂಡತಿ ಬಂದು ನೋಡಿ, ‘ನೀವು ಕೂತಿದ್ರಾ ಇಲ್ಲಿ? ಈಗ ತಾನೇ ಸರಿಮಾಡಿದ್ದೆ’ ಎಂದು ಹೊದಿಕೆ ಎಳೆದಳು. ಅವನು ಹೂಂ ಎಂದ.

ಆ ವಾರವೇ ಪರವಾನಗಿ ಕಚೇರಿಯಿಂದ ಮನೆ ಪರೀಕ್ಷೆಗೆ ಒಬ್ಬ ಬಂದ, ಹೇಳದೆ ಕೇಳದೆ. ನೀಟಾಗಿ ಬೈತಲೆ ತೆಗೆದ ಯುವಕ. ಕೆಲಸದ ಕೋಣೆ ನೋಡಿದ, ಬೋರ್ಡು ನೋಡಿದ, ತಂತಿಯ ಸುರುಳಿಗಳನ್ನು ಮುಟ್ಟಿ ನೋಡಿದ. ಒಳಗೆ ಬಂದು ಹಾಸಿಗೆಗಳನ್ನು ಎಣಿಸುತ್ತ ಹಜಾರದ ನಡುವೆ ನಿಂತು, ‘ಹಿರಿಯರು ಎಲ್ಲಿದ್ದಾರೆ?’ ಎಂದ.

ಶ್ರುತಿಗಾರ ಹೆಂಡತಿಯ ಕಡೆ ತಿರುಗಿದ. ಈಗ ಹೇಳಿದರೆ ಸುಳ್ಳು ಹೇಳಿ ಒಳಗೆ ಬಂದವರಾಗುತ್ತೇವೆ, ಅದೊಂದೇ ಸಾಕು ಮೂವರನ್ನೂ ವಾಪಸು ಕಳಿಸಲು. ವಾಪಸು ಎಲ್ಲಿಗೆ? ಅಲ್ಲಿ ಒಂದು ಮೊಳೆ ಹೊಡೆಯಲೂ ಗೋಡೆ ಉಳಿದಿರಲಿಲ್ಲ.

‘ಮಲಗಿದ್ದಾರೆ’ ಎಂದಳು ಹೆಂಡತಿ, ಹಜಾರದ ತುದಿಯ ಮುಚ್ಚಿದ ಬಾಗಿಲು ತೋರಿಸಿ. ‘ಮೈ ಚೆನ್ನಾಗಿಲ್ಲ.’

ಯುವಕ ಆ ಕಡೆ ಒಂದು ಹೆಜ್ಜೆ ಇಟ್ಟ. ಬಾಗಿಲಾಚೆಯಿಂದ ಪಿಯಾನೊ ನುಡಿಯಿತು. ಮೆಲ್ಲಗೆ, ಮೆಲ್ಲಗೆ, ಆಮೇಲೆ ದಿಟವಾಗಿ. ಯುವಕ ನಕ್ಕುಬಿಟ್ಟ. ‘ಮಲಗಿಲ್ಲ, ಸಂಗೀತ ನಡೀತಿದೆ. ಇರಲಿ, ತೊಂದರೆ ಕೊಡಲ್ಲ.’ ಏನನ್ನೋ ಗುರುತು ಹಾಕಿಕೊಂಡು ಹೊರಟುಹೋದ.

ಹೆಂಡತಿ ಅಡಿಗೆಮನೆಯ ನೆಲದ ಮೇಲೆ ಕುಸಿದು ಕೂತಳು. ‘ಹೋಗಿ ನೋಡಿ.’

‘ನೀನು ಬಾ.’

‘ನಿಮ್ಮಮ್ಮ ತಾನೇ? ನೀವೇ ಹೋಗಿ.’

‘ಬದುಕಿದ್ದಾಗ ನಿನ್ನ ಹತ್ರಾನೇ ಜಾಸ್ತಿ ಮಾತಾಡ್ತಿದ್ದದ್ದು.’

‘ಮಾತೆಲ್ಲಿ? ಬೈತಿದ್ರು. ಸಾರಿಗೆ ಉಪ್ಪು ಜಾಸ್ತಿ, ನಗು ಜಾಸ್ತಿ ಅಂತ.’ ಇಬ್ಬರೂ ಹೋಗಲಿಲ್ಲ. ಸಂಜೆ ಗಡಿಬಿಡಿ ಶಾಲೆಯಿಂದ ಬಂದು, ಚೀಲ ಎಸೆದು, ನೆಟ್ಟಗೆ ಆ ಕೋಣೆಗೆ ನುಗ್ಗಿ ಒಂದು ಲೋಟ ನೀರು ಇಟ್ಟು ಬಂದಳು. ‘ಇದೇನೇ?’ ಎಂದು ಅವಳಮ್ಮ ಗದರಿದಾಗ, ‘ಎಲ್ಲರಿಗೂ ಅಜ್ಜಿ ಒಳಗಿದಾಳೆ ಅಂತ ಹೇಳೋದು ನೀವು. ನೀರು ಇಟ್ಟರೆ ಮಾತ್ರ ತಪ್ಪಾ?’ ಎಂದಳು.

ಅಲ್ಲಿಂದ ಮನೆಯ ರೀತಿ ಬದಲಾಯಿತು. ಹಿರಿಯ ನಾಗರಿಕರ ಬಸ್ಸಿನ ಪಾಸು ಅತ್ತೆಯ ಹೆಸರಿಗೆ ಬಂತು. ಮೇಲಿನ ಮನೆಯ ನಿವೃತ್ತ ದಾದಿ ಮೆಟ್ಟಿಲಲ್ಲಿ ಸಿಕ್ಕಾಗ, ‘ನಿಮ್ಮತ್ತೆ ಚೆನ್ನಾಗಿ ಹಾಡ್ತಾರಪ್ಪ, ಮಧ್ಯಾಹ್ನ ಕೇಳಿಸುತ್ತೆ. ಕೊನೇಲಿ ಯಾಕೋ ನಿಲ್ಲಿಸಿಬಿಡ್ತಾರೆ’ ಎಂದಳು. ಹೆಂಡತಿ ಮೆಟ್ಟಿಲ ಕಂಬಿ ಹಿಡಿದು, ‘ಉಸಿರು ಸಾಲಲ್ಲ’ ಎಂದು ಹೇಳಿ ಬಂದಳು. ಸುಳ್ಳು ಹೇಳುವುದು ಕಷ್ಟವಾಗಿರಲಿಲ್ಲ. ಅದು ಸುಳ್ಳಾಗದೆ ಉಳಿಯುತ್ತಿದ್ದುದು ಅವಳನ್ನು ಹಿಂಡಿತು. ಬೆಳಿಗ್ಗೆ ಹೊದಿಕೆ ಮುದುರಿರುತ್ತಿತ್ತು. ಅವಳು ಸರಿಮಾಡುವಳು, ದಿಂಬಿಗೆ ಎರಡು ಪೆಟ್ಟು ಹೊಡೆದು, ‘ಅತ್ತೆ, ಹೋಗಿ ಅತ್ತೆ’ ಎಂದು ಪಿಸುಗುಟ್ಟುವಳು. ಮರುಗಳಿಗೆಯೇ ನಾಲಿಗೆ ಕಚ್ಚಿಕೊಂಡು, ‘ಈ ಪರವಾನಗಿ ನವೀಕರಣ ಆಗೋವರೆಗೂ ಇರಿ’ ಎನ್ನುವಳು.

ಶ್ರುತಿಗಾರನ ಕಷ್ಟ ಬೇರೆ. ತಾಯಿ ಅವನ ಹಿಂದೆಯೇ ಹೊರಟಳು. ಶಾಲೆಯಲ್ಲಿ, ನಾಟ್ಯದ ಅಂಗಳದಲ್ಲಿ, ವಿಧವೆಯರ ಪಡಸಾಲೆಯಲ್ಲಿ, ಅವನು ಕೀಲಿ ಹಿಡಿದರೆ ಸಾಕು, ಕಿವಿಯೊಳಗೆ ಪದ್ಯ ಶುರುವಾಗುವುದು. ಒಂದು, ಎರಡು, ಮೂರು, ನಾಲ್ಕು, ಐದು ಸಾಲು. ಆಮೇಲೆ ಏನೂ ಇಲ್ಲ. ಆರನೆಯದು ಬಂದು ನೆಲಕ್ಕೆ ಮುಟ್ಟುವುದೆಂದು ಅವನ ಮೈಯೆಲ್ಲ ಕಾಯುವುದು, ಬರದು. ತಂತಿಯ ನಡುಕ ಮಲಗದು. ತಿರುಗಿಸಿದಷ್ಟೂ ಅದು ತೆಳ್ಳಗಾಗುತ್ತ, ಚೂಪಾಗುತ್ತ, ಇನ್ನೇನು ಅಡಗಿತು ಎನ್ನುವಾಗ ಕಣ್ಣು ಬಿಟ್ಟುಬಿಡುವುದು. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ತಿರುಗಿಸಿ ಶಾಲೆಯ ಪಿಯಾನೊದ ತಂತಿ ಹರಿದ. ಅದು ಅವನ ಗಲ್ಲಕ್ಕೆ ಚಾಟಿಯಂತೆ ಬಡಿಯಿತು. ನಾಟ್ಯದ ಗುರು ಮುಖಕ್ಕೇ ಹೇಳಿದ: ‘ಬೇಜಾರು ಮಾಡ್ಕೋಬೇಡಿ. ನೀವು ಬಂದು ಹೋದಮೇಲೆ ನಮ್ಮ ಪಿಯಾನೊ ಅಳ್ತಾ ಇರೋ ಹಾಗೆ ಕೇಳಿಸುತ್ತೆ. ಮಕ್ಕಳು ಹೆದರ್ತಾರೆ.’

ಕರೆಗಳು ಕಡಿಮೆಯಾದವು. ಕಸುಬು ನಿಂತರೆ ಪರವಾನಗಿಯೂ ನಿಂತ ಹಾಗೆ. ತಾಯಿ ಉಳಿದಿದ್ದು ಪರವಾನಗಿಗಾಗಿ. ತಾಯಿ ಉಳಿದಿದ್ದರಿಂದ ಕಸುಬು ನಿಲ್ಲುತ್ತಿತ್ತು. ಶ್ರುತಿಗಾರ ಗಾಜಿನ ಹಿಂದೆ ಕೂತು ಬೀದಿ ನೋಡುತ್ತ ಇದನ್ನು ಮತ್ತೆ ಮತ್ತೆ ಸುತ್ತಿಸಿದ. ಬಿಚ್ಚಿಕೊಳ್ಳಲು ಒಂದು ತುದಿ ಸಿಗಲಿಲ್ಲ.

ನವೀಕರಣದ ದಿನ ಮೂವರೂ ಕಚೇರಿಗೆ ಹೋದರು. ಕಿಟಕಿಯ ಹಿಂದಿದ್ದ ಗುಮಾಸ್ತ, ‘ಎಲ್ಲರೂ ಖುದ್ದಾಗಿ ಬರಬೇಕಲ್ಲ, ಹಿರಿಯರು?’ ಎಂದ. ಹೆಂಡತಿ ರೂಢಿಯ ಮಾತು ಹೇಳಿದಳು. ಆ ಗುಮಾಸ್ತ ಒಳ್ಳೆಯವನು, ಕೆಡುಕಾದದ್ದು ಅದರಿಂದಲೇ. ‘ಅಯ್ಯೋ, ಹಾಸಿಗೆ ಹಿಡಿದವರನ್ನ ಇಲ್ಲಿತನಕ ಎಳೀತೀವಾ? ಬೆರಳ ಗುರುತಿನ ಯಂತ್ರ ತಗೊಂಡು ಮನೆಗೇ ಬರ್ತಾರೆ. ಇವತ್ತೇ ಮಧ್ಯಾಹ್ನ ಆಗುತ್ತೆ, ನಿಮ್ಮ ಓಣಿ ಕಡೆ ಹೊರಟಿದ್ದಾರೆ.’

ದಾರಿಯಲ್ಲಿ ಹೆಂಡತಿ ಓಡುವವಳ ಹಾಗೆ ನಡೆದಳು. ‘ಮೇಲಿನ ಮನೆ ದಾದಿನ ಕೇಳೋಣ. ಒಂದು ಗಳಿಗೆ ಮಲಗಿ ಬೆರಳು ಒತ್ತಲಿ. ಮುದುಕಿ ಮುದುಕಿ ಒಂದೇ ಥರ ಕಾಣ್ತಾರೆ.’

‘ನನ್ನಮ್ಮನ ಹಾಸಿಗೇಲಿ?’

‘ಹಾಗಾದ್ರೆ ನೀವೇ ಹೇಳಿ ಏನ್ಮಾಡೋದು ಅಂತ! ಇವಳ ಶಾಲೆ ಏನಾಗ್ಬೇಕು? ನಾವು ಎಲ್ಲಿಗೆ ಹೋಗ್ಬೇಕು? ಬಾಯಿಬಿಡಿ, ಪೆಟ್ಟಿಗೆ ಒಳಗೆ ತಲೆ ಇಟ್ಕೊಂಡು ಜೀವನ ಮಾಡಿದ್ದು ಸಾಕು.’

ಮನೆ ಮುಟ್ಟುವ ಹೊತ್ತಿಗೆ ಅಧಿಕಾರಿಣಿ ಆಗಲೇ ಗಾಜಿನ ಬಾಗಿಲ ಮುಂದೆ ನಿಂತಿದ್ದಳು. ನಡುವಯಸ್ಸಿನವಳು, ತಟ್ಟನೆ ದಣಿವು ಕಾಣುವ ಮುಖ, ಹೆಗಲಿಗೆ ಯಂತ್ರದ ಚೀಲ. ‘ಬನ್ನಿ ಬನ್ನಿ, ಬೇಗ ಮುಗಿಸಿಬಿಡೋಣ. ಅಜ್ಜಿಗೆ ನೋವಾಗಲ್ಲ, ಒಂದು ಬೆರಳು ಕೊಟ್ರೆ ಸಾಕು’ ಎಂದಳು. ಹಜಾರಕ್ಕೆ ಬಂದರು. ತುದಿಯ ಬಾಗಿಲು ಮುಚ್ಚಿತ್ತು. ಶ್ರುತಿಗಾರ ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

ಒಳಗೆ ನುಡಿಯಿತು. ಈ ಸಲ ಒಂದು ಪಟ್ಟಿಯಲ್ಲ. ಕೆಳಗಿನ ತುದಿಯಿಂದ ಹಿಡಿದು ಒಂದಾದ ಮೇಲೊಂದು, ಎರಡು ಮೆಲ್ಲಗೆ ಒಂದು ದಿಟವಾಗಿ, ಎರಡು ಮೆಲ್ಲಗೆ ಒಂದು ದಿಟವಾಗಿ, ಅವನು ಮುಂದೆ ಎನ್ನುವುದಕ್ಕೂ ಕಾಯದೆ. ಗಂಟುಕಟ್ಟಿದ ಬೆರಳಿನ ಅವಸರ ಅವನಿಗೆ ಬಾಗಿಲ ಹಲಗೆಯ ಮೂಲಕ ಬೆನ್ನಿಗೇ ತಾಕಿತು. ನಾನಿದ್ದೇನೆ, ನಾನಿದ್ದೇನೆ, ನೋಡಿಕೊಳ್ಳಿ, ನನ್ನ ಮಗನನ್ನು ಕಳಿಸಬೇಡಿ. ಅಮ್ಮ ಕಾಡುತ್ತಿರಲಿಲ್ಲ. ಅವಳು ದುಡಿಯುತ್ತಿದ್ದಳು.

‘ಎದ್ದೇ ಇದ್ದಾರಲ್ಲ’ ಎಂದು ಅಧಿಕಾರಿಣಿ ಮುಂದೆ ಬಂದಳು. ‘ಸ್ವಲ್ಪ ಜರುಗ್ತೀರಾ?’

ಹೆಂಡತಿ ಗಂಡನ ಕಣ್ಣಲ್ಲಿ ಕಣ್ಣಿಟ್ಟು ತಲೆಯಾಡಿಸಿದಳು, ಬೇಡ, ಬೇಡ. ಗಡಿಬಿಡಿ ಅವಳ ಅಂಗಿಯ ತುದಿ ಹಿಡಿದಿದ್ದಳು. ಶ್ರುತಿಗಾರ ತಿರುಗಿ ಬಾಗಿಲಿಗೆ ಹಣೆ ಹಚ್ಚಿದ.

‘ಸಾಕಮ್ಮ’ ಎಂದ. ‘ಸಾಕು. ಕೈ ನೋಯುತ್ತೆ. ಬಿಡು. ಇನ್ನು ನಾನು ನೋಡ್ಕೋತೀನಿ.’

ಒಂದು ಪಟ್ಟಿ ಅರ್ಧಕ್ಕೆ ನಿಂತಿತು. ಆಮೇಲೆ ಒಳಗಿನಿಂದ, ತಂತಿಯಿಂದಲ್ಲ, ಒಂದು ಉಸಿರು ಇಳಿದ ಸದ್ದು. ಉದ್ದಕ್ಕೆ ಎಳೆದು, ಇಳಿದು, ನೆಲಕ್ಕೆ ಮುಟ್ಟಿ ಬಿಟ್ಟಿತು. ಅದರೊಳಗೆ ಪದ ಇತ್ತೋ ಇಲ್ಲವೋ, ಸಾಲು ಮುಗಿದಿತ್ತು. ಅವನ ಕಿವಿಯೊಳಗೆ ಇಷ್ಟು ದಿನ ತಿರುಗುತ್ತಿದ್ದ ನಡುಕ ನಿಧಾನಿಸಿ, ಸೋತು, ಮಲಗಿತು.

ಅವನು ಬಾಗಿಲು ತೆರೆದ. ಹೊದಿಕೆ ಒಂದು ಸುಕ್ಕಿಲ್ಲದೆ ಬಿದ್ದಿತ್ತು. ಕೋಣೆ ಎಂದೂ ಇಷ್ಟು ಬರಿದಾಗಿ ಅವನಿಗೆ ಕಂಡಿರಲಿಲ್ಲ.

‘ನಮ್ಮಮ್ಮ ತೀರಿಕೊಂಡಿದ್ದಾರೆ’ ಎಂದ ಅಧಿಕಾರಿಣಿಗೆ, ಆ ಊರಿನ ಭಾಷೆಯಲ್ಲಿ, ತಡವರಿಸದೆ. ‘ನಾವು ಇಲ್ಲಿಗೆ ಬರೋ ಮೊದಲೇ. ಗಡೀಲಿ ನಾನು ಹೇಳಲಿಲ್ಲ. ಇಲ್ಲೂ ಹೇಳಲಿಲ್ಲ.’

ಅವಳು ಹಾಸಿಗೆ ನೋಡಿದಳು, ಪಿಯಾನೊ ನೋಡಿದಳು, ಮಂಚದಡಿಗೂ ಬಗ್ಗಿ ನೋಡಿದಳು. ಕಿಟಕಿಗೆ ಒಳಗಿನಿಂದ ಚಿಲಕ ಬಿದ್ದಿತ್ತು. ಅವಳ ಕೈ ಒಮ್ಮೆ ಯಂತ್ರದ ಚೀಲವನ್ನು ಎದೆಗೆ ಒತ್ತಿಕೊಂಡಿತು. ಆಮೇಲೆ ಅಡಿಗೆಮನೆಗೆ ಬಂದು, ಕೇಳದೆಯೇ ಕುರ್ಚಿ ಎಳೆದು ಕೂತಳು.

‘ಇದು ಸಣ್ಣ ವಿಷಯ ಅಲ್ಲ’ ಎಂದಳು. ‘ಗೊತ್ತಿದೆ ತಾನೇ?’

‘ಗೊತ್ತಿದೆ.’

‘ತೀರ್ಮಾನ ನನ್ನ ಕೈಲಿಲ್ಲ. ಮೇಲಿನವರು ನೋಡ್ತಾರೆ. ಅಲ್ಲಿಯವರೆಗೆ ನೀವು ಇರಬಹುದು, ಕೆಲಸ ಮಾಡೋ ಹಾಗಿಲ್ಲ. ಬೋರ್ಡು ಇಳಿಸ್ಬೇಕು. ಕಳಿಸ್ತೀವಿ ಅಂದ್ರೆ ಹೊರಡ್ಬೇಕು.’

‘ಆಗಲಿ.’

ಹೆಂಡತಿ ಗೋಡೆ ಹಿಡಿದು ನಿಂತಿದ್ದಳು. ‘ನೀವೂ ಕೇಳಿಸ್ಕೊಂಡ್ರಲ್ಲ?’ ಎಂದಳು ಅಧಿಕಾರಿಣಿಗೆ, ಬೇಡುವ ದನಿಯಲ್ಲಿ. ‘ಈಗ, ಅಲ್ಲಿ?’

ಅಧಿಕಾರಿಣಿ ಬೆರಳ ಗೆಣ್ಣುಗಳನ್ನು ಒತ್ತಿಕೊಂಡಳು. ‘ನಾನು ಕೇಳಿಸ್ಕೊಂಡಿದ್ದಕ್ಕೆ ಇದರಲ್ಲಿ ಜಾಗ ಇಲ್ಲಮ್ಮ’ ಎಂದು ಯಂತ್ರ ಮುಟ್ಟಿ ಹೇಳಿದಳು. ‘ಯಾವತ್ತು ತೀರಿಕೊಂಡ್ರು, ಅದನ್ನ ಹೇಳಿ. ಅದು ಬೇಕು.’

ಶ್ರುತಿಗಾರ ಬಾಯಿ ತೆರೆದ. ಆ ದಿನವನ್ನು ಅವನು ಇದುವರೆಗೆ ಯಾರೆದುರಿಗೂ ಹೇಳಿರಲಿಲ್ಲ, ತನಗೇ ಹೇಳಿಕೊಂಡಿರಲಿಲ್ಲ. ಈಗ ಹೇಳಹೊರಟರೆ ವಾರ ಬಂತು, ತಿಂಗಳು ಬರಲಿಲ್ಲ. ಹೆಂಡತಿಯೇ ಹೇಳಿದಳು. ಹೇಳಿ ಮುಗಿಸುವ ಮೊದಲೇ ಅವಳು ಅಲ್ಲೇ ನೆಲಕ್ಕೆ ಕೂತು, ಬಾಯಿಗೆ ಕೈ ಅಡ್ಡ ಹಿಡಿಯದೆ, ಮೇಲಿನ ಮನೆಗೂ ಬೀದಿಗೂ ಕೇಳುವ ಹಾಗೆ ಅತ್ತಳು. ‘ಅತ್ತೆ, ನನ್ನತ್ತೆ, ಒಂದು ದಿನ ಕೂತು ಅಳಲಿಲ್ಲವಲ್ಲೇ ನಿನಗೋಸ್ಕರ’ ಎಂದು ನೆಲ ಬಡಿದಳು. ಬದುಕಿದ್ದಾಗ ಎಂದೂ ಏಕವಚನದಲ್ಲಿ ಕರೆದವಳಲ್ಲ.

ಗಡಿಬಿಡಿ ಅವಳ ತೊಡೆಯ ಮೇಲೆ ಹೋಗಿ ಬಿದ್ದಳು. ಶ್ರುತಿಗಾರ ಇಬ್ಬರ ಪಕ್ಕಕ್ಕೆ ಕೂತು ಗೋಡೆಗೆ ತಲೆ ಒರಗಿಸಿದ. ಕಣ್ಣೀರು ತಾನಾಗಿ ಇಳಿಯಿತು. ತಡೆಯುವ ಗೋಜಿಗೆ ಹೋಗಲಿಲ್ಲ. ನಾಳೆ ಎಲ್ಲಿರುತ್ತೇವೋ ಗೊತ್ತಿರಲಿಲ್ಲ. ಇವತ್ತಂತೂ ಇದು ಸತ್ತವರ ಮನೆಯಾಗಿತ್ತು, ಆಗಬೇಕಾಗಿದ್ದಂತೆ.

ಅಧಿಕಾರಿಣಿಗೆ ಹೊರಡುವ ಹೊತ್ತಾಗಿತ್ತು. ಅವಳು ಎದ್ದು, ಪಾತ್ರೆ ಹುಡುಕಿ, ಒಲೆಯ ಮೇಲೆ ನೀರಿಟ್ಟು, ಚಹಾ ಪುಡಿಯ ಡಬ್ಬಿ ಯಾವುದೆಂದು ಒಂದೊಂದೇ ಮುಚ್ಚಳ ತೆಗೆದು ಮೂಸಿ ನೋಡತೊಡಗಿದಳು.